ನಳಿಗೆಗೆ ತೆಳು, ಗಂಟಲಿಗೆ ಮಂದ

ಅಪ್ಪಯ್ಯನಿಗೆ ಪಾರ್ಶ್ವವಾಯು ಬಡಿದ ಮೇಲೆ ಮೊದಲ ಕೆಲವು ವಾರ ಊಟವೆಲ್ಲ ಮೂಗಿನ ಮೂಲಕ ಹೊಟ್ಟೆಗೆ ಇಳಿಬಿಟ್ಟ ರೈಲ್ಸ್ ಟ್ಯೂಬಿನಲ್ಲೇ. ಮನೆಗೆ ಕರೆತಂದ ದಿನ ರಾಗಿ ಗಂಜಿ ಕಾಸಿ, ಬಟ್ಟೆಯಲ್ಲಿ ಸೋಸಿ, ದೊಡ್ಡ ಸಿರಿಂಜಿಗೆ ಸುರಿದು ಎತ್ತಿ ಹಿಡಿದೆ. ಗಂಜಿ ಕದಲಲಿಲ್ಲ. ಒತ್ತಿ ನೂಕಬಾರದು, ತಾನಾಗಿಯೇ ಇಳಿಯಬೇಕು ಎಂದು ಆಸ್ಪತ್ರೆಯಲ್ಲಿ ನರ್ಸ್ ಎರಡು ಸಲ ಹೇಳಿ ಕಳಿಸಿದ್ದರು. ನೀರು ಬೆರೆಸಿದಾಗ ಸರಾಗವಾಗಿ ಇಳಿಯಿತು. ಆದರೆ ಹಾಗೆ ಇಳಿದದ್ದರಲ್ಲಿ ರಾಗಿ ಎಷ್ಟು, ನೀರು ಎಷ್ಟು ಎಂದು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತಿತ್ತು. ಮೊದಲೇ ಇಳಿದುಹೋಗಿದ್ದ ಜೀವ.

ನಳಿಗೆ ತೆಗೆದ ದಿನ ಬಂದ ಸೂಚನೆ ಇದಕ್ಕೆ ತದ್ವಿರುದ್ಧ. "ತೆಳ್ಳಗಿನದು ಏನನ್ನೂ ಬಾಯಿಗೆ ಕೊಡಬೇಡಿ, ನೀರನ್ನು ಕೂಡ. ಮಂದ ಮಾಡಿ ಕೊಡಿ." ಎಷ್ಟು ಮಂದ? ಇಡ್ಲಿ ಹಿಟ್ಟಿನಷ್ಟು ಎಂದು ಅಕ್ಕ ಅರ್ಥ ಮಾಡಿಕೊಂಡಿದ್ದಳು. ಅತ್ತಿಗೆಯ ಲೆಕ್ಕದಲ್ಲಿ ಪಾಯಸದಷ್ಟು. ನನ್ನ ಮನಸ್ಸಿನಲ್ಲಿದ್ದದ್ದು ಮಜ್ಜಿಗೆಹುಳಿ. ಒಂದೇ ಅಡುಗೆಮನೆಯಲ್ಲಿ ಮೂವರು ನಿಂತು, ಒಂದೇ ಪದಕ್ಕೆ ಮೂರು ಅರ್ಥ ಹಿಡಿದಿದ್ದೆವು. ತಪ್ಪಿದರೆ ನೀರು ನೆತ್ತಿಗೇರುವುದಷ್ಟೇ ಅಲ್ಲ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಎಂದೂ ಹೇಳಿದ್ದರು. ದ್ರವಗಳ ಮಂದತನ ಎಂದರೆ ನಿಜಕ್ಕೂ ಏನು ಎಂದು ನಾನು ಹುಡುಕಲು ಕುಳಿತದ್ದು ಆ ರಾತ್ರಿ.

ತೊಡಕು ಮೊದಲು ಇರುವುದು ನಮ್ಮ ಮಾತಿನಲ್ಲೇ. ಗಟ್ಟಿ ಹಾಲು, ಗಟ್ಟಿ ಮೊಸರು, ಗಟ್ಟಿ ಜೇನು, ಗಟ್ಟಿ ಚಟ್ನಿ. ನಾಲ್ಕು ಕಡೆಯೂ ಪದ ಒಂದೇ, ಗುಣ ಬೇರೆ ಬೇರೆ. ಗಟ್ಟಿ ಹಾಲು ಎಂದರೆ ನೀರು ಬೆರೆಸದ್ದು. ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಸಿ ನೋಡುವುದು ಅದರ ಸಾಂದ್ರತೆಯನ್ನು, ಅಂದರೆ ಒಂದು ಲೀಟರಿಗೆ ಎಷ್ಟು ತೂಕ ಎಂಬುದನ್ನು. ಗಟ್ಟಿ ಮೊಸರು ಹರಿಯುವುದೇ ಇಲ್ಲ, ಪಾತ್ರೆ ಓರೆ ಮಾಡಿದರೂ ನಿಂತಿರುತ್ತದೆ, ಅದರೊಳಗೆ ಹಾಲಿನ ಪ್ರೋಟೀನಿನ ಬಲೆ ಕಟ್ಟಿಕೊಂಡಿದೆ. ಗಟ್ಟಿ ಚಟ್ನಿಯಲ್ಲಿ ಕಾಯಿತುರಿ ಹೆಚ್ಚು, ನೀರು ಕಡಿಮೆ. ಜೇನಿನದು ಮಾತ್ರ ಬೇರೆ ಕಥೆ. ಅದು ನಿಲ್ಲುವುದಿಲ್ಲ, ಖಂಡಿತ ಹರಿಯುತ್ತದೆ, ಆದರೆ ನಿಧಾನವಾಗಿ. ಹರಿಯುವುದಕ್ಕೆ ದ್ರವವೇ ತನ್ನೊಳಗಿನಿಂದ ಒಡ್ಡುವ ಈ ಪ್ರತಿರೋಧಕ್ಕೆ ನಮ್ಮ ಶಾಲಾ ಪುಸ್ತಕಗಳಲ್ಲಿ ಇರುವ ಹೆಸರು ಸ್ನಿಗ್ಧತೆ.

ಸಾಂದ್ರತೆ ಮತ್ತು ಸ್ನಿಗ್ಧತೆ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಒಂದು ಲೋಟ ನೀರಿಗೆ ಒಂದು ಚಮಚ ಹರಳೆಣ್ಣೆ ಬಿಟ್ಟು ನೋಡಿ. ಚಮಚದಿಂದ ಇಳಿಯಲು ಹಟ ಮಾಡುವ, ನೀರಿಗಿಂತ ಸುಮಾರು ಸಾವಿರ ಪಟ್ಟು ಸ್ನಿಗ್ಧವಾದ ಆ ಎಣ್ಣೆ ನೀರಿನ ಮೇಲೆ ತೇಲುತ್ತದೆ. ನೀರಿಗಿಂತ ಅದು ಹಗುರ. ಪಾದರಸದ್ದು ಇದಕ್ಕೆ ವಿರುದ್ಧ: ನೀರಿಗಿಂತ 13.6 ಪಟ್ಟು ಭಾರ, ಆದರೆ ಸ್ನಿಗ್ಧತೆ ನೀರಿನ ಒಂದೂವರೆ ಪಟ್ಟು ಅಷ್ಟೇ. ಅದಕ್ಕೇ ಅದು ನೆಲಕ್ಕೆ ಬಿದ್ದೊಡನೆ ಕ್ಷಣದಲ್ಲಿ ದಿಕ್ಕಾಪಾಲಾಗಿ ಓಡುವುದು. ತೂಕಕ್ಕೂ ಹರಿವಿನ ನಿಧಾನಕ್ಕೂ ಕಟ್ಟಾದ ಸಂಬಂಧವೇನೂ ಇಲ್ಲ.

ಹಾಗಾದರೆ ಆ ನಿಧಾನ ಎಲ್ಲಿಂದ ಬರುತ್ತದೆ? ವೀಳ್ಯದೆಲೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟು ಮೇಲಿನ ಎಲೆಯನ್ನು ಅಂಗೈಯಿಂದ ಮುಂದಕ್ಕೆ ಸರಿಸಿ. ಮೇಲಿನದು ಹೆಚ್ಚು ಸರಿಯುತ್ತದೆ, ಅದರ ಕೆಳಗಿನದು ತುಸು ಕಡಿಮೆ, ಅದಕ್ಕೂ ಕೆಳಗಿನದು ಇನ್ನೂ ಕಡಿಮೆ, ತಳದ ಎಲೆ ಮೇಜಿಗೆ ಅಂಟಿ ಕುಳಿತೇ ಇರುತ್ತದೆ. ದ್ರವ ಹರಿಯುವುದೂ ಹೀಗೆ, ಪದರ ಪದರವಾಗಿ. ಪಾತ್ರೆಯ ಗೋಡೆಗೆ ತಾಗಿದ ಪದರ ಕದಲುವುದಿಲ್ಲ, ನಡುವಿನದು ಎಲ್ಲಕ್ಕಿಂತ ವೇಗವಾಗಿ ಓಡುತ್ತದೆ. ಒಂದು ಪದರ ತನ್ನ ಪಕ್ಕದ ಪದರವನ್ನು ಎಷ್ಟು ಬಲವಾಗಿ ಹಿಂದಕ್ಕೆ ಎಳೆದು ಹಿಡಿಯುತ್ತದೆಯೋ ಅಷ್ಟು ಸ್ನಿಗ್ಧತೆ. ನ್ಯೂಟನ್ 1687ರ ತನ್ನ 'ಪ್ರಿನ್ಸಿಪಿಯ'ದಲ್ಲಿ ಇದನ್ನು ದ್ರವದ ಭಾಗಗಳಲ್ಲಿರುವ ಜಾರುಗುಣದ ಕೊರತೆ ಎಂದು ಕರೆದು, ಪದರಗಳು ಒಂದರಿಂದ ಒಂದು ಎಷ್ಟು ವೇಗದಲ್ಲಿ ಬೇರ್ಪಡುತ್ತವೆಯೋ ಪ್ರತಿರೋಧವೂ ಅದೇ ಪ್ರಮಾಣದಲ್ಲಿರುತ್ತದೆ ಎಂದು ಊಹಿಸಿದ. ನೀರು, ಎಣ್ಣೆ, ಜೇನಿನಂಥವು ಹೆಚ್ಚುಕಡಿಮೆ ಈ ನಿಯಮವನ್ನು ಪಾಲಿಸುತ್ತವೆ. ಪಾಲಿಸದವುಗಳ ಪಟ್ಟಿ ಬಹಳ ಉದ್ದವಿದೆ, ನಮ್ಮ ಅಡುಗೆಮನೆಯ ಬಹುಪಾಲು ಅದರಲ್ಲೇ ಸೇರುತ್ತದೆ.

ಪದಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಇಂಗ್ಲಿಷಿನ ವಿಸ್ಕಾಸಿಟಿ ಬಂದದ್ದು ಲ್ಯಾಟಿನಿನ ವಿಸ್ಕಮ್ ಎಂಬುದರಿಂದ. ಅದು ಬಂದಳಿಕೆಯ ಜಾತಿಯ ಒಂದು ಗಿಡ, ಅದರ ಹಣ್ಣಿನ ಅಂಟನ್ನು ಕೊಂಬೆಗೆ ಬಳಿದು ಯುರೋಪಿನವರು ಹಕ್ಕಿ ಹಿಡಿಯುತ್ತಿದ್ದರು. ನಮ್ಮಲ್ಲಿ ಅದೇ ಕೆಲಸಕ್ಕೆ ಹಲಸಿನ ಮೇಣ ಬಳಕೆಯಾಗುತ್ತಿತ್ತು. ನಮ್ಮ ಸ್ನಿಗ್ಧವಾದರೋ ಸ್ನೇಹದ ಒಡಹುಟ್ಟು, ಎಣ್ಣೆಗೂ ಅಕ್ಕರೆಗೂ ಸಂಸ್ಕೃತದಲ್ಲಿ ಒಂದೇ ಬೇರು. ಒಬ್ಬರಿಗೆ ಕಂಡದ್ದು ಅಂಟು, ಇನ್ನೊಬ್ಬರಿಗೆ ಕಂಡದ್ದು ಎಣ್ಣೆಯ ನುಣುಪು. ವಿಜ್ಞಾನದಲ್ಲಿ ಎರಡೂ ಒಂದೇ ಅಳತೆಗೆ ಹೆಸರಾದವು.

ಅಳತೆಯ ಮಾನ ಪ್ಯಾಸ್ಕಲ್-ಸೆಕೆಂಡ್. ಅದರ ಸಾವಿರದ ಒಂದು ಭಾಗವಾದ ಮಿಲಿಪ್ಯಾಸ್ಕಲ್-ಸೆಕೆಂಡ್ ನಮಗೆ ಹೆಚ್ಚು ಅನುಕೂಲ, ಏಕೆಂದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ ಆ ಲೆಕ್ಕದಲ್ಲಿ ಸರಿಸುಮಾರು 1. ನೀರನ್ನು ಒಂದು ಎಂದಿಟ್ಟುಕೊಂಡರೆ ಹಾಲು ಎರಡರ ಆಸುಪಾಸು, ರಕ್ತ ಮೂರು ನಾಲ್ಕು, ಅಡುಗೆ ಎಣ್ಣೆಗಳು ಐವತ್ತರಿಂದ ಎಂಬತ್ತು, ಹರಳೆಣ್ಣೆ ಸಾವಿರ, ಜೇನು ಕೆಲವು ಸಾವಿರದಿಂದ ಹತ್ತು ಸಾವಿರದವರೆಗೆ. ಗಾಳಿಗೂ ಸ್ನಿಗ್ಧತೆ ಇದೆ, ನೀರಿನ ಐವತ್ತೈದನೆಯ ಒಂದು ಭಾಗದಷ್ಟು.

ಈ ಸಂಖ್ಯೆಗಳನ್ನು ಹೇಳುವಾಗ ಉಷ್ಣತೆಯನ್ನು ಹೇಳದಿದ್ದರೆ ಅರ್ಥವಿಲ್ಲ. ಕಾಯಿಸಿದರೆ ದ್ರವ ತೆಳುವಾಗುತ್ತದೆ. ಅಣುಗಳ ಓಡಾಟ ಹೆಚ್ಚಾಗಿ ಒಂದನ್ನೊಂದು ಹಿಡಿದಿಡುವ ಶಕ್ತಿ ಸಾಲದಾಗುತ್ತದೆ. ನೀರೇ ಸೊನ್ನೆ ಡಿಗ್ರಿಯಲ್ಲಿ 1.8 ಇದ್ದದ್ದು ಕುದಿಯುವ ಹೊತ್ತಿಗೆ 0.28ಕ್ಕೆ ಇಳಿದಿರುತ್ತದೆ. ಕಾಫಿ ಫಿಲ್ಟರಿಗೆ ಕುದಿನೀರು ಹಾಕಿದಾಗ ಡಿಕಾಕ್ಷನ್ ಚುರುಕಾಗಿ ಇಳಿದು, ಆರಿದ ನೀರು ಹಾಕಿದಾಗ ಹನಿ ಹನಿಯಾಗಿ ಸತಾಯಿಸುವುದಕ್ಕೆ ಇದೂ ಒಂದು ಕಾರಣ. ಚಳಿಗಾಲದ ಬೆಳಗ್ಗೆ ತೆಂಗಿನೆಣ್ಣೆ ಬಾಟಲಿಯಿಂದ ಬೀಳದಿರುವುದನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಸುಮಾರು 24 ಡಿಗ್ರಿಯ ಕೆಳಗೆ ಅದು ಹರಳುಗಟ್ಟಿ ಘನವಾಗಿಬಿಡುತ್ತದೆ. ಅದು ಮಂದವಾಗುವುದಲ್ಲ, ಹೆಪ್ಪುಗಟ್ಟುವುದು.

ಉಷ್ಣತೆ ಮತ್ತು ಸ್ನಿಗ್ಧತೆಯ ಈ ಆಟವನ್ನು ಪಾರ್ಶ್ವವಾಯು ಬಡಿದ ನಮ್ಮ ಅಪ್ಪಯ್ಯ ನನಗಿಂತ ಚೆನ್ನಾಗಿ ಬಲ್ಲವರು. ಹರೆಯದಲ್ಲಿ ಹತ್ತಾರು ವರ್ಷ ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತವರು. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಭಾಗ ಸಕ್ಕರೆ, ಉಳಿದದ್ದು ಬಹುಪಾಲು ನೀರು. ಗಂಟೆಗಟ್ಟಲೆ ಕುದಿಸುತ್ತಾ ಹೋದಂತೆ ನೀರು ಆರುತ್ತದೆ, ಕುದಿಯುವ ಉಷ್ಣತೆ ನಿಧಾನವಾಗಿ ಏರುತ್ತದೆ. 105 ಡಿಗ್ರಿಯ ಹತ್ತಿರ ಇಳಿಸಿದರೆ ಡಬ್ಬಕ್ಕೆ ಸುರಿಯುವ ಜೋನಿ ಬೆಲ್ಲ, 118ರ ಹತ್ತಿರ ಇಳಿಸಿದರೆ ಅಚ್ಚಿಗೆ ಹಾಕುವ ಗಟ್ಟಿ ಬೆಲ್ಲ. ಕೊಪ್ಪರಿಗೆಗೆ ಥರ್ಮಾಮೀಟರ್ ಯಾರೂ ಇಡುತ್ತಿರಲಿಲ್ಲ. ಅಪ್ಪಯ್ಯ ಸೌಟನ್ನು ಅದ್ದಿ ಎತ್ತಿ, ಬೆಂಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಅಂಚಿನಿಂದ ಪಾಕ ಹೇಗೆ ಬಿಡುತ್ತದೆ ಎಂದು ನೋಡುತ್ತಿದ್ದರು. ಮೊದಲು ಹನಿ ಹನಿಯಾಗಿ, ಒಂದರ ಹಿಂದೊಂದು ಟಪಟಪನೆ. ಆಮೇಲೆ ಹನಿಗೆ ಬಾಲ ಮೂಡುತ್ತದೆ. ಆಮೇಲೆ ಬಾಲ ಕಡಿಯದೆ ಎಳೆಯಾಗುತ್ತದೆ. "ಎಳೆ ಬಂತು" ಎಂದರೆ ಒಲೆಯ ಬೆಂಕಿ ಎಳೆಯಬೇಕು, ಮರುಮಾತಿಲ್ಲ.

ಆ ಎಳೆ ನಿಜವಾಗಿ ಒಂದು ಜಗಳ. ಇಳಿಯುವ ದ್ರವದ ದಾರವನ್ನು ಹನಿಗಳಾಗಿ ತುಂಡರಿಸಲು ಮೇಲ್ಮೈ ಎಳೆತ ಹೊಂಚು ಹಾಕುತ್ತಿರುತ್ತದೆ. ನೀರಿನಲ್ಲಿ ಅದಕ್ಕೆ ಅಡ್ಡಿಯಿಲ್ಲ, ದಾರ ಮೂಡುವ ಮೊದಲೇ ಹನಿ. ಸ್ನಿಗ್ಧತೆ ಹೆಚ್ಚಿದಷ್ಟೂ ತುಂಡರಿಸುವ ಕೆಲಸ ನಿಧಾನವಾಗಿ, ಅಷ್ಟರಲ್ಲಿ ದಾರ ಉದ್ದಕ್ಕೆ ಬೆಳೆದಿರುತ್ತದೆ. ಹೋಳಿಗೆಯ ಮನೆಯಲ್ಲಿ, ಚಿರೋಟಿಯ ಮನೆಯಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಸಕ್ಕರೆ ಪಾಕ ಒತ್ತಿ ಬಿಡಿಸಿ ನೋಡುವವರೆಲ್ಲ ಈ ಜಗಳದಲ್ಲಿ ಯಾರು ಗೆದ್ದರು ಎಂದು ನೋಡುತ್ತಿರುತ್ತಾರೆ. ಅದನ್ನು ಕೈಯಳತೆ ಎಂದು ತಳ್ಳಿಹಾಕಬಾರದು, ಅದು ಸ್ನಿಗ್ಧತಾ ಮಾಪಕವೇ.

ಪಾಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಕ್ಕರೆ ಹೆಚ್ಚಿದಂತೆ ಸ್ನಿಗ್ಧತೆ ಮೆಟ್ಟಿಲು ಹತ್ತುವುದಿಲ್ಲ, ನೆಗೆಯುತ್ತದೆ. ಇಪ್ಪತ್ತು ಡಿಗ್ರಿಯಲ್ಲಿ ಅಳೆದರೆ ನೂರಕ್ಕೆ 20 ಭಾಗ ಸಕ್ಕರೆಯ ನೀರು ಬರಿನೀರಿನ ಎರಡು ಪಟ್ಟು, 40 ಭಾಗಕ್ಕೆ ಆರು ಪಟ್ಟು, 60ಕ್ಕೆ ಐವತ್ತೆಂಟು ಪಟ್ಟು, 70ಕ್ಕೆ ಸುಮಾರು ನಾನ್ನೂರ ಎಂಬತ್ತು ಪಟ್ಟು. ಕೊನೆಯ ಹತ್ತು ಭಾಗ ಸಕ್ಕರೆ ಅದಕ್ಕೂ ಹಿಂದಿನ ಅರವತ್ತು ಭಾಗ ಮಾಡದ್ದನ್ನು ಮಾಡುತ್ತದೆ. ಸಕ್ಕರೆಯ ಪ್ರತಿ ಅಣುವೂ ತನ್ನ ಸುತ್ತ ನೀರಿನ ಅಣುಗಳನ್ನು ಹಿಡಿದು ಕೂರಿಸುತ್ತದೆ, ಬಿಡುವಾಗಿ ಓಡಾಡುವ ನೀರು ಮುಗಿಯುತ್ತ ಬಂದಂತೆ ಅಣುಗಳು ಜಾತ್ರೆಯ ಜನರಂತೆ ಒಂದನ್ನೊಂದು ದಾಟಲಾರದೆ ತಿಣುಕುತ್ತವೆ. ನಾಲ್ಕು ಗಂಟೆ ತಾಳ್ಮೆಯಿಂದ ಕಾದ ಪಾಕ ಕೊನೆಯ ಐದು ನಿಮಿಷದಲ್ಲಿ ಕೈತಪ್ಪಿ ತಳ ಹಿಡಿಯುವುದು ಇದಕ್ಕೇ.

ಡಾಂಬರಿಗೂ ಎಂಜಿನ್ ಆಯಿಲಿಗೂ ಇದೇ ಸಂಗತಿ ಮುಖ್ಯ. ನಮ್ಮ ರಸ್ತೆಗಳಿಗೆ ಬರುವ ಡಾಂಬರಿನ ದರ್ಜೆಯ ಹೆಸರೇ ವಿಜಿ-10, ವಿಜಿ-30, ವಿಜಿ-40. ವಿಜಿ ಎಂದರೆ ಸ್ನಿಗ್ಧತೆಯ ದರ್ಜೆ, 60 ಡಿಗ್ರಿಯಲ್ಲಿ, ಅಂದರೆ ಬೇಸಗೆಯ ಮಧ್ಯಾಹ್ನ ರಸ್ತೆಯ ಮೈ ಮುಟ್ಟುವ ಬಿಸಿಯಲ್ಲಿ ಅಳೆದದ್ದು. ಚಳಿಯ ನಾಡಿಗೆ ಕಡಿಮೆ ಸಂಖ್ಯೆ, ಬಿಸಿಲು ಮತ್ತು ಲಾರಿಗಳ ನಾಡಿಗೆ ಹೆಚ್ಚಿನದು. ಬೈಕಿನ ಆಯಿಲ್ ಡಬ್ಬದ ಮೇಲೆ 20ಡಬ್ಲ್ಯು-40 ಎಂದಿದ್ದರೆ ಡಬ್ಲ್ಯು ಇಂಗ್ಲಿಷಿನಲ್ಲಿ ಚಳಿಗಾಲದ ಮೊದಲ ಅಕ್ಷರ. ಮೊದಲ ಸಂಖ್ಯೆ ತಣ್ಣಗಿರುವಾಗಿನ ನಡವಳಿಕೆ, ಎರಡನೆಯದು ಎಂಜಿನ್ ಕಾದಾಗಿನದು. ಮಂದವಾದ ಆಯಿಲ್ ಹೆಚ್ಚು ರಕ್ಷಣೆ ಎಂದು ಕಂಪನಿ ಹೇಳಿದ್ದಕ್ಕಿಂತ ಮಂದವಾದದ್ದನ್ನು ಹಾಕಿಸುವವರಿದ್ದಾರೆ. ಬೆಳಗಿನ ಚಳಿಯಲ್ಲಿ ಎಂಜಿನ್ನಿನ ಮೇಲ್ಭಾಗಕ್ಕೆ ಅದು ಏರುವುದೇ ತಡವಾಗುತ್ತದೆ.

ನಳಿಗೆಗೆ ಮರಳುತ್ತೇನೆ. ಗಂಜಿ ಸಿರಿಂಜಿನಲ್ಲಿ ನಿಂತುಬಿಟ್ಟದ್ದೇಕೆ ಎಂಬುದಕ್ಕೆ ಉತ್ತರ ಕೊಟ್ಟವನು ಒಬ್ಬ ವೈದ್ಯನೇ. ಪ್ಯಾರಿಸ್ಸಿನ ಪ್ವಾಸೆಯ್‌ಗೆ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬ ಚಿಂತೆ. ಕೂದಲೆಳೆಯಂಥ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಆತ 1840ರ ದಶಕದಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಬೆರಗು ಹುಟ್ಟಿಸುತ್ತದೆ. ಹರಿವು ನಳಿಗೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಇರುತ್ತದೆ. ಅಗಲ ಅರ್ಧಕ್ಕಿಳಿದರೆ ಹರಿವು ಅರ್ಧವಲ್ಲ, ಹದಿನಾರನೆಯ ಒಂದು ಭಾಗ. ಗೋಡೆಗೆ ಅಂಟಿ ನಿಲ್ಲುವ ಪದರದ ಪ್ರಭಾವ ಕಿರಿದಾದ ನಳಿಗೆಯಲ್ಲಿ ನಟ್ಟನಡುವಿನವರೆಗೂ ಮುಟ್ಟುತ್ತದೆ. ಸ್ನಿಗ್ಧತೆಯ ಹಳೆಯ ಮಾನವಾದ ಪಾಯ್ಸ್ ಎಂಬುದು ಆತನ ಹೆಸರಿನ ತುಂಡು. ಅಗಲ ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ, ಸಿರಿಂಜನ್ನು ಇನ್ನಷ್ಟು ಎತ್ತರಕ್ಕೆ ಹಿಡಿಯುವುದಕ್ಕೂ ಮಿತಿ ಇತ್ತು. ಉಳಿದದ್ದು ಸ್ನಿಗ್ಧತೆ ಮಾತ್ರ. ನೀರು ಹೆಚ್ಚಿಸದೆ ಅದನ್ನು ಇಳಿಸಬೇಕಿತ್ತು.

ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿದಾಗ ಅದು ಮಂದವೇನಲ್ಲ, ಸ್ವಲ್ಪ ಹೊತ್ತಿಗೆ ತಳಕ್ಕೆ ಕೂರುತ್ತದೆ. ಕಾಯಿಸುತ್ತ ಬಂದಾಗ 65-70 ಡಿಗ್ರಿಯ ಸುಮಾರಿಗೆ ಪಿಷ್ಟದ ಕಣಗಳು ನೀರು ಕುಡಿದು ಹಲವು ಪಟ್ಟು ಉಬ್ಬುತ್ತವೆ. ಅವುಗಳಿಂದ ಉದ್ದುದ್ದದ ಸರಪಳಿಯಂಥ ಅಣುಗಳು ಹೊರಬಂದು ಒಂದಕ್ಕೊಂದು ತೊಡರುತ್ತವೆ. ಸೌಟು ಭಾರವಾಗುವುದು ಆಗ. ಉದ್ದ ಅಣುಗಳೇ ಮಂದತನದ ಗುಟ್ಟು: ಬೆಂಡೆಕಾಯಿಯ ಲೋಳೆ, ದಾಸವಾಳದ ಎಲೆಯ ಲೋಳೆ, ಉದ್ದಿನ ಹಿಟ್ಟಿನ ಜಿಗುಟು ಎಲ್ಲವೂ ಇದೇ ಕುಲ. ಸರಪಳಿ ಕಡಿದರೆ ಮಂದತನ ಹೋಗುತ್ತದೆ. ಮೊಳಕೆ ಬರಿಸಿದ ರಾಗಿಯಲ್ಲಿ ಆ ಕತ್ತರಿ ಇದೆ, ಅಮೈಲೇಸ್ ಎಂಬ ಕಿಣ್ವ. ಮೊಳೆಯುವ ಕಾಳು ತನ್ನ ಪಿಷ್ಟವನ್ನು ಕಡಿದು ಎಳೆ ಸಸಿಗೆ ಉಣಿಸಲು ಇಟ್ಟುಕೊಂಡದ್ದು ಅದು. ನೆರೆಮನೆಯ ಮಗುವಿಗೆ ಮಾಡಿದ್ದ ರಾಗಿ ಮಾಲ್ಟ್ ಹುಡಿ ತಂದು, ಗೋಡೆಯಂತೆ ನಿಂತಿದ್ದ ಬಿಸಿ ಗಂಜಿಗೆ ಒಂದು ಚಮಚ ಹಾಕಿ ಕೈಯಾಡಿಸಿದೆ. ಮೂರ್ನಾಲ್ಕು ನಿಮಿಷದಲ್ಲಿ ಸೌಟು ಹಗುರವಾಯಿತು. ಹಿಟ್ಟು ಅಷ್ಟೇ ಇದೆ, ನೀರು ಅಷ್ಟೇ ಇದೆ, ಗಂಜಿ ಮಾತ್ರ ನನ್ನ ಕಣ್ಣೆದುರೇ ಸಾರಿನಂತಾಯಿತು. ಮತ್ತೊಮ್ಮೆ ಕುದಿಸಿ, ಸೋಸಿ, ಆರಿಸಿ ಸಿರಿಂಜಿಗೆ ಹಾಕಿದೆ. ಇಳಿಯಿತು.

ನಮ್ಮ ಹಿರಿಯರು ಕೂಸಿಗೆ ಮೊಳಕೆ ರಾಗಿಯನ್ನೇ ಏಕೆ ಆರಿಸಿದರು ಎಂಬುದು ಇಲ್ಲಿ ತಿಳಿಯುತ್ತದೆ. ಮಗುವಿನ ಹೊಟ್ಟೆ ಸಣ್ಣದು, ಮಂದ ಗಂಜಿ ನುಂಗಲಾರದು, ತೆಳು ಗಂಜಿಯಲ್ಲಿ ಸತ್ವವಿಲ್ಲ. ಮೊಳಕೆ ಬರಿಸಿದರೆ ಅಷ್ಟೇ ತೆಳುವಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ಧಾನ್ಯದ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದು ಇದೇ ಗುಣವನ್ನು ಹಿಡಿದು.

ಆಗ ಔಷಧಿಗಳ ಚೀಟಿಯಲ್ಲಿ "ರಕ್ತ ತೆಳು ಮಾಡುವ ಮಾತ್ರೆ"ಯೂ ಇತ್ತು. ನೋಡಲು ಬಂದ ನೆಂಟರೊಬ್ಬರು ರಕ್ತ ನೀರಾಗಿಬಿಟ್ಟರೆ ಶಕ್ತಿ ಎಲ್ಲಿಂದ ಬರಬೇಕು, ನಿಲ್ಲಿಸಿಬಿಡಿ ಎಂದರು. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಈ ಒಂದು ಪದದಿಂದ ಜೀವಕ್ಕೆ ಅಪಾಯವಾಗುತ್ತದೆ. ಆ ಮಾತ್ರೆಗಳು ರಕ್ತದ ಸ್ನಿಗ್ಧತೆಯನ್ನು ಇಳಿಸುವುದಿಲ್ಲ. ರಕ್ತ ಎಷ್ಟು ಮಂದವಿತ್ತೋ ಅಷ್ಟೇ ಇರುತ್ತದೆ. ಅವು ಮಾಡುವುದು ರಕ್ತ ಗರಣೆ ಕಟ್ಟದಂತೆ, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟದಂತೆ ತಡೆಯುವುದನ್ನು. ರಕ್ತದ ಸ್ನಿಗ್ಧತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರಲ್ಲಿ ಕೆಂಪು ರಕ್ತಕಣಗಳು ಎಷ್ಟಿವೆ ಎಂಬುದು. ತೆಳು ಎಂಬ ಪದ ಅಲ್ಲಿ ಬರಲೇಬಾರದಿತ್ತು.

ಇನ್ನು ಗಂಟಲಿಗೆ ಬೇಕಾದ ಮಂದತನ. ನಾವು ನುಂಗುವಾಗ ಶ್ವಾಸನಾಳದ ಬಾಯಿಗೆ ಮುಚ್ಚಳ ಬೀಳಬೇಕು, ಇದೆಲ್ಲ ಒಂದು ಸೆಕೆಂಡಿನೊಳಗೆ ನಡೆಯುವ ಕೆಲಸ. ಪಾರ್ಶ್ವವಾಯುವಿನಿಂದ ಆ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ನೀರಿಗೆ ಕಾಯುವ ಗುಣವಿಲ್ಲ, ಮುಚ್ಚಳ ಬೀಳುವ ಮೊದಲೇ ನುಗ್ಗಿರುತ್ತದೆ. ಮಂದವಾದದ್ದು ನಾಲಿಗೆಯ ಮೇಲಿಂದ ನಿಧಾನವಾಗಿ ಇಳಿದು, ಗಂಟಲಿಗೆ ಸಮಯ ಕೊಡುತ್ತದೆ. ಹಾಗೆಂದು ವಿಪರೀತ ಮಂದವಾದರೆ ನೂಕಲು ಶಕ್ತಿ ಸಾಲದೆ ಗಂಟಲಲ್ಲೇ ಉಳಿದು, ಆಮೇಲೆ ಜಾರಿ ತೊಂದರೆ ಕೊಡುತ್ತದೆ. ಎಷ್ಟು ಬೇಕು ಎಂಬುದು ಪ್ರತಿ ರೋಗಿಗೂ ಬೇರೆ. ಅದನ್ನು ಪರೀಕ್ಷಿಸಿ ಹೇಳುವವರು ವಾಕ್ ಚಿಕಿತ್ಸಕರು, ಮನೆಯವರ ಅಂದಾಜು ಅಲ್ಲಿ ನಡೆಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಾತಿನ ತೊಂದರೆಯ ಜೊತೆಗೆ ನುಂಗುವ ತೊಂದರೆಗೂ ಚಿಕಿತ್ಸೆ ಇದೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ನಾನು ಇಲ್ಲೊಂದು ತಪ್ಪು ಮಾಡಿದೆ. ನಳಿಗೆಯ ಕಾಲದಲ್ಲಿ ಉಳಿದಿದ್ದ ಮಾಲ್ಟ್ ಹುಡಿಯಲ್ಲೇ ಮಂದ ಗಂಜಿ ಮಾಡಲು ಹೊರಟೆ. ಎಷ್ಟು ಹುಡಿ ಸುರಿದರೂ ಮಂದವಾಗದು. ಒಂದು ವಾರದ ಹಿಂದೆ ಯಾವ ಗುಣಕ್ಕೆ ಕೈಮುಗಿದಿದ್ದೆನೋ ಅದೇ ಗುಣ ಈಗ ಅಡ್ಡ ನಿಂತಿತ್ತು. ಮೊಳಕೆ ಬರಿಸದ ರಾಗಿಗೆ, ಅಕ್ಕಿ ತರಿಗೆ ಮರಳಿದೆ. ಅದೂ ಪೂರ್ತಿ ಸರಿಹೋಗಲಿಲ್ಲ. ಬಟ್ಟಲು ತುಂಬ ಒಳ್ಳೆಯ ಹದದಲ್ಲಿದ್ದ ಗಂಜಿ, ಅಪ್ಪಯ್ಯ ಅರ್ಧ ಉಣ್ಣುವಷ್ಟರಲ್ಲಿ ಅಂಚಿನಲ್ಲಿ ನೀರೊಡೆದಿತ್ತು. ಕೊನೆಯ ಚಮಚಗಳಿಗೆ ಕೆಮ್ಮು ಬರುತ್ತಿತ್ತು. ಎರಡು ದಿನ ನನ್ನ ಅಡುಗೆಯನ್ನೇ ಬೈದುಕೊಂಡೆ. ಕಾರಣ ಚಮಚದಲ್ಲಿತ್ತು. ಬಾಯಿಗೆ ಹೋಗಿ ಬಂದ ಚಮಚ ಪ್ರತಿ ಸಲವೂ ಬಟ್ಟಲಿಗೆ ಒಂದಿಷ್ಟು ಎಂಜಲು ತರುತ್ತಿತ್ತು, ನಮ್ಮ ಜೊಲ್ಲಿನಲ್ಲೂ ಇರುವುದು ಅದೇ ಅಮೈಲೇಸ್. ಮೊಳಕೆ ರಾಗಿಯ ಕತ್ತರಿಯೇ ಇಲ್ಲಿಯೂ ಪಿಷ್ಟವನ್ನು ಕಡಿಯುತ್ತಿತ್ತು. ವಾಕ್ ಚಿಕಿತ್ಸಕಿಗೆ ಹೇಳಿದಾಗ ಅವರು ಕ್ಸಾಂತನ್ ಅಂಟಿನ ಹುಡಿ ಬರೆದುಕೊಟ್ಟರು. ಅದು ಒಂದು ಬಗೆಯ ಬ್ಯಾಕ್ಟೀರಿಯಾ ತಯಾರಿಸುವ ಉದ್ದ ಸರಪಳಿ, ಅಮೈಲೇಸ್ ಅದನ್ನು ಕಡಿಯಲಾರದು. ಜೊತೆಗೆ, ಒಂದೇ ಬಟ್ಟಲಿನಿಂದ ಉಣಿಸದೆ ಚಿಕ್ಕ ಚಿಕ್ಕ ಪಾಲು ತೆಗೆದು ಕೊಡಿ ಎಂದರು.

ಆ ಹುಡಿಗೆ ಮತ್ತೊಂದು ಗುಣವಿದೆ. ಚಮಚದಲ್ಲಿ ನಿಂತಾಗ ಮಂದ, ನಾಲಿಗೆ ಒತ್ತಿ ನೂಕಿದಾಗ ತುಸು ತೆಳು. ನ್ಯೂಟನ್ನನ ನಿಯಮ ಮೀರುವವರ ಪಟ್ಟಿ ಎಂದೆನಲ್ಲ, ಇದು ಅದರಲ್ಲೊಂದು. ನಿಂತಿದ್ದಾಗ ಉದ್ದ ಅಣುಗಳು ಸಿಕ್ಕಾಗಿರುತ್ತವೆ, ಜೋರಾಗಿ ಹರಿಸಿದಾಗ ಹರಿವಿನ ದಿಕ್ಕಿಗೆ ಬಾಚಿದ ಕೂದಲಂತೆ ಸಾಲಾಗುತ್ತವೆ. ಗೋಡೆಯ ಬಣ್ಣವೂ ಹೀಗೆಯೇ, ಬ್ರಷ್ಷಿನ ಕೆಳಗೆ ಸಲೀಸಾಗಿ ಹರಡಿ, ಕೈ ಎತ್ತಿದೊಡನೆ ಇಳಿಯದೆ ನಿಲ್ಲುತ್ತದೆ. ದೋಸೆ ಹಿಟ್ಟೂ ಹೀಗೆಯೇ. ಸೌಟಿನ ತಳದಲ್ಲಿ ಸುತ್ತಿಸುವಾಗ ಹರಡುತ್ತದೆ, ಸೌಟು ತೆಗೆದರೆ ಗೆರೆ ಗೆರೆಯಾಗಿ ಅಲ್ಲೇ ನಿಲ್ಲುತ್ತದೆ. ಹುದುಗಿದ ಹಿಟ್ಟು ಉಬ್ಬಿ ನಿಲ್ಲುವುದರಲ್ಲೂ ಉದ್ದಿನ ಈ ಜಿಗುಟಿನ ಪಾಲು ದೊಡ್ಡದು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲದ ಗುಳ್ಳೆ ನೀರಿನಲ್ಲಿ ಸೆಕೆಂಡಿಗೆ ಐದು ಮಿಲಿಮೀಟರಿನಂತೆ ಏರಿ ಹೊರಟುಹೋಗುತ್ತದೆ. ನೀರಿಗಿಂತ ಐದು ಸಾವಿರ ಪಟ್ಟು ಸ್ನಿಗ್ಧವಾದ ದ್ರವದಲ್ಲಿ ಅಷ್ಟೇ ದೂರಕ್ಕೆ ಅದಕ್ಕೆ ಒಂದೂಕಾಲು ಗಂಟೆಯ ಮೇಲೆ ಬೇಕು. ಬೆಳಗಾಗುವವರೆಗೂ ಗುಳ್ಳೆಗಳು ಒಳಗೇ ಇರುತ್ತವೆ, ಇಡ್ಲಿ ಹಗುರವಾಗುತ್ತದೆ. ತದ್ವಿರುದ್ಧ ಸ್ವಭಾವದ್ದೂ ಒಂದಿದೆ: ಕಾರ್ನ್ ಫ್ಲೋರನ್ನು ಸ್ವಲ್ಪವೇ ತಣ್ಣೀರಿನಲ್ಲಿ ಕಲಸಿ, ಬೆರಳನ್ನು ನಿಧಾನವಾಗಿ ಇಳಿಸಿದರೆ ಮುಳುಗುತ್ತದೆ, ಗುದ್ದಿದರೆ ಕಲ್ಲಿನಂತೆ ತಡೆಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಒಂದು ಭಾನುವಾರ ಇದಕ್ಕೆಂದೇ ಎತ್ತಿಡಿ.

ಕೊನೆಗೂ "ಎಷ್ಟು ಮಂದ?" ಎಂಬ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಒಂದು ಸಾಮಾನ್ಯ ಸಿರಿಂಜಿನಲ್ಲಿ ಸಿಕ್ಕಿತು. ನುಂಗುವ ತೊಂದರೆ ಇರುವವರ ಆಹಾರಕ್ಕೆ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ದರ್ಜೆಗಳಿವೆ, ಪಾನೀಯಗಳಿಗೆ ಸೊನ್ನೆಯಿಂದ ನಾಲ್ಕು. 10 ಮಿಲಿಲೀಟರಿನ ಸಿರಿಂಜಿನ ಒತ್ತುಗೋಲು ತೆಗೆದು, ಕೆಳಗಿನ ತೂತನ್ನು ಬೆರಳಿನಿಂದ ಮುಚ್ಚಿ, ಹತ್ತರ ಗೆರೆಯವರೆಗೆ ತುಂಬಬೇಕು. ಬೆರಳು ತೆಗೆದು ಹತ್ತು ಸೆಕೆಂಡ್ ಎಣಿಸಿ ಮತ್ತೆ ಮುಚ್ಚಬೇಕು. ಉಳಿದದ್ದು ಒಂದು ಮಿಲಿಲೀಟರಿಗಿಂತ ಕಡಿಮೆಯಾದರೆ ಸೊನ್ನೆ, ಬರಿನೀರಿನಂಥದು. ಒಂದರಿಂದ ನಾಲ್ಕು ಉಳಿದರೆ ಮೊದಲ ದರ್ಜೆ, ನಾಲ್ಕರಿಂದ ಎಂಟು ಉಳಿದರೆ ಎರಡನೆಯದು, ಎಂಟರ ಮೇಲೆ ಉಳಿದು ಇನ್ನೂ ತುಸು ಇಳಿಯುತ್ತಿದ್ದರೆ ಮೂರನೆಯದು. ಇಳಿಯದೇ ಹೋದರೆ ನಾಲ್ಕು. ಸಿರಿಂಜಿನ ಗೆರೆಗಳ ಉದ್ದವೂ ಮುಖ್ಯ, ಸೊನ್ನೆಯಿಂದ ಹತ್ತರವರೆಗೆ 61.5 ಮಿಲಿಮೀಟರ್ ಇರಬೇಕು. ಉಣಿಸುವ ಬಿಸಿಯಲ್ಲೇ ಅಳೆಯಬೇಕು, ಒಲೆಯ ಮೇಲಿನ ಬಿಸಿಯಲ್ಲಿ ಅಲ್ಲ. ಅಪ್ಪಯ್ಯನಿಗೆ ಬರೆದುಕೊಟ್ಟದ್ದು ಎರಡನೆಯ ದರ್ಜೆ. ಇಡ್ಲಿ ಹಿಟ್ಟೂ ಅಲ್ಲ, ಪಾಯಸವೂ ಅಲ್ಲ, ನನ್ನ ಮಜ್ಜಿಗೆಹುಳಿಯಂತೂ ಅಲ್ಲವೇ ಅಲ್ಲ.

ಒಂದು ಸಂಜೆ ಅಳೆಯುವ ಮೊದಲೇ ಬಟ್ಟಲನ್ನು ಅವರ ಮುಂದಿಟ್ಟು ಸಿರಿಂಜ್ ತರಲು ಒಳಗೆ ಹೋಗಿದ್ದೆ. ತಿರುಗಿ ಬಂದಾಗ ಸ್ವಾಧೀನವಿದ್ದ ಎಡಗೈಯಲ್ಲಿ ಚಮಚ ಎತ್ತಿ, ದೀಪದ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದರು. ಅಂಚಿನಿಂದ ಹನಿಗಳು ಒಂದರ ಹಿಂದೊಂದು ಬಟ್ಟಲಿಗೆ ಬಿದ್ದವು. ಮಾತು ಆಗಿನ್ನೂ ಅರ್ಧಂಬರ್ಧ ಬರುತ್ತಿತ್ತು.

"ಬಾಲ ಇಲ್ಲ," ಎಂದರು.

ಸಿರಿಂಜಿಗೆ ತುಂಬಿ ಹತ್ತು ಎಣಿಸಿದೆ. ಉಳಿದದ್ದು ಮೂರು ಮಿಲಿಲೀಟರ್. ಬಟ್ಟಲನ್ನು ಒಳಗೊಯ್ದು ಇನ್ನೊಂದು ಚಿಟಿಕೆ ಹುಡಿ ಬೆರೆಸಿ, ನಿಲ್ಲಿಸಿ, ಮತ್ತೆ ಅಳೆದೆ. ಐದೂವರೆ.